ಗಣಕಯಂತ್ರ ನುಡಿದದ್ದೆಲ್ಲ ಸತ್ಯವೇ?



ಪಡಿತರ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಪಿಂಚಣಿ ಕಚೇರಿಯಲ್ಲಿ ನಾವೆಲ್ಲರೂ ಒಂದು ಮಾತನ್ನು ಕೇಳಿರುತ್ತೇವೆ: 'ಸಿಸ್ಟಮ್‌ನಲ್ಲಿ ಹೀಗೆ ತೋರಿಸುತ್ತಿದೆ, ನಾವೇನು ಮಾಡುವುದು?' ಅರ್ಜಿದಾರನ ವಾದ ಅಲ್ಲಿಗೆ ಮುಗಿಯುತ್ತದೆ. ಮನುಷ್ಯ ಸುಳ್ಳು ಹೇಳಬಹುದು, ಯಂತ್ರ ಹೇಳದು ಎಂಬ ನಂಬಿಕೆ ನಮ್ಮಲ್ಲಿ ಅಷ್ಟೊಂದು ಬೇರೂರಿದೆ. ಇದೇ ನಂಬಿಕೆ ಬ್ರಿಟನ್ನಿನಲ್ಲಿ ನೂರಾರು ನಿರಪರಾಧಿ ಕುಟುಂಬಗಳನ್ನು ಹೇಗೆ ಬೀದಿಗೆ ತಂದಿತೆಂಬುದನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇವೆ.

ಅಲ್ಲಿನ 'ಪೋಸ್ಟ್ ಆಫೀಸ್' ಸಂಸ್ಥೆಯು 1999ರಿಂದ ತನ್ನ ಶಾಖೆಗಳಲ್ಲಿ 'ಹೊರೈಜನ್' ಎಂಬ ಲೆಕ್ಕಪತ್ರದ ತಂತ್ರಾಂಶವನ್ನು ಅಳವಡಿಸತೊಡಗಿತು. ಒದಗಿಸಿದ್ದು ಜಪಾನಿನ ಫುಜಿತ್ಸು ಸಮೂಹದ ಕಂಪೆನಿ. ಅಲ್ಲಿನ ಬಹುಪಾಲು ಶಾಖೆಗಳನ್ನು ನಡೆಸುವವರು ಸಂಸ್ಥೆಯ ನೌಕರರಲ್ಲ. ತಮ್ಮ ಅಂಗಡಿಯ ಜೊತೆಗೆ ಅಂಚೆಯ ಕೆಲಸವನ್ನೂ ಗುತ್ತಿಗೆಯ ಮೇಲೆ ನೋಡಿಕೊಳ್ಳುವ ಉಪ ಅಂಚೆಪಾಲಕರು. ಭಾರತ, ಪಾಕಿಸ್ತಾನ ಮೂಲದವರೂ ಅವರಲ್ಲಿ ಅನೇಕರಿದ್ದರು. ಹೊಸ ತಂತ್ರಾಂಶ ಬಂದ ಬಳಿಕ ಅವರ ಲೆಕ್ಕದಲ್ಲಿ ಸಾವಿರಾರು ಪೌಂಡುಗಳ ಕೊರತೆ ಕಾಣಿಸಿಕೊಂಡಿತು. ಕೊರತೆಯನ್ನು ಕೈಯಿಂದ ತುಂಬಬೇಕೆಂದು ಸಂಸ್ಥೆ ಪಟ್ಟುಹಿಡಿಯಿತು. ಕೆಲವರು ಉಳಿತಾಯವನ್ನೆಲ್ಲ ಸುರಿದರು, ಕೆಲವರು ಮನೆ ಅಡವಿಟ್ಟರು. 1999 ಮತ್ತು 2015ರ ನಡುವೆ 900ಕ್ಕೂ ಹೆಚ್ಚು ಮಂದಿ ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಗೊಳಗಾದರು. ಅವರಲ್ಲಿ ಸುಮಾರು 700 ಮಂದಿಯ ಮೇಲೆ ಮೊಕದ್ದಮೆ ಹೂಡಿದ್ದು ಸ್ವತಃ ಪೋಸ್ಟ್ ಆಫೀಸ್. ಹಣ ಹೋಯಿತೆಂದು ದೂರುವವನೂ ತನಿಖೆ ಮಾಡುವವನೂ ಮೊಕದ್ದಮೆ ನಡೆಸುವವನೂ ಒಬ್ಬನೇ ಆದರೆ ನ್ಯಾಯ ಎಲ್ಲಿಂದ ಬಂದೀತು?

ವಾಸ್ತವದಲ್ಲಿ ಹಣ ಕಳುವಾಗಿರಲಿಲ್ಲ. ದೋಷವಿದ್ದದ್ದು ತಂತ್ರಾಂಶದಲ್ಲಿ. ಹ್ಯಾಂಪ್‌ಶೈರಿನ ಜೋ ಹ್ಯಾಮಿಲ್ಟನ್ ಎಂಬ ಮಹಿಳೆ ಸಹಾಯವಾಣಿಯವರು ಹೇಳಿದಂತೆ ಗುಂಡಿ ಒತ್ತುತ್ತಿದ್ದಾಗಲೇ ಆಕೆಯ ಕಣ್ಣೆದುರು 2,000 ಪೌಂಡುಗಳ ಕೊರತೆ 4,000 ಆಯಿತು. 2015ರಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್‌ನಲ್ಲಿ ಪರದೆ ಸ್ತಬ್ಧವಾದಾಗ ಪದೇ ಪದೇ ಒತ್ತಿದ ಒಂದೇ ಗುಂಡಿ ಅದೇ ಮೊತ್ತವನ್ನು ಮತ್ತೆ ಮತ್ತೆ ದಾಖಲಿಸಿ 24,000 ಪೌಂಡುಗಳ ವ್ಯತ್ಯಾಸವನ್ನು ಸೃಷ್ಟಿಸಿತು.

ದೋಷವಿಲ್ಲದ ತಂತ್ರಾಂಶವನ್ನು ಯಾರೂ ರಚಿಸಲಾರರು, ಅದು ಅಪರಾಧವಲ್ಲ. ಅಪರಾಧವಾದದ್ದು ಅದನ್ನು ಮರೆಮಾಚಿದ್ದು. ನೆರವು ಕೋರಿದ ಹಲವರಿಗೆ, 'ಈ ಸಮಸ್ಯೆ ನಿಮಗೊಬ್ಬರಿಗೇ' ಎಂಬ ಉತ್ತರ ಸಿಕ್ಕಿತು. ಶಾಖೆಯ ಲೆಕ್ಕವನ್ನು ಹೊರಗಿನಿಂದ ಯಾರೂ ಮುಟ್ಟಲಾರರೆಂದು ಸಂಸ್ಥೆ ವರ್ಷಗಟ್ಟಲೆ ಸಾಧಿಸಿತು. ಆದರೆ ಫುಜಿತ್ಸುವಿನ ಸಿಬ್ಬಂದಿಗೆ ದೂರದಿಂದಲೇ ಅದನ್ನು ಬದಲಿಸಲು ಸಾಧ್ಯವಿತ್ತು. 2015ರಲ್ಲಿ ಇದನ್ನು ಬಹಿರಂಗವಾಗಿ ಹೇಳಿದವರು ಅಲ್ಲೇ ದುಡಿದಿದ್ದ ರಿಚರ್ಡ್ ರೋಲ್ ಎಂಬ ತಂತ್ರಜ್ಞ.

ಕಾನೂನೂ ಬಡಪಾಯಿಗಳ ನೆರವಿಗೆ ಬರಲಿಲ್ಲ. 1999ರಲ್ಲಾದ ತಿದ್ದುಪಡಿಯ ಬಳಿಕ, ವಿರುದ್ಧ ಪುರಾವೆ ಸಿಗುವ ತನಕ ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆಯೆಂದು ಇಂಗ್ಲೆಂಡಿನ ನ್ಯಾಯಾಲಯಗಳು ಭಾವಿಸಿಕೊಳ್ಳುತ್ತಿದ್ದವು. ಆ ಪುರಾವೆಯಿದ್ದದ್ದು ಆರೋಪಿಸುವವರ ಕೈಯಲ್ಲಿ! ಭಾರತೀಯ ಮೂಲದ ಸೀಮಾ ಮಿಶ್ರಾ ಅವರನ್ನು 74,000 ಪೌಂಡು ಕದ್ದರೆಂದು 2010ರ ನವೆಂಬರ್‌ನಲ್ಲಿ ಜೈಲಿಗೆ ಕಳುಹಿಸಲಾಯಿತು. ಆಗ ಅವರು ಗರ್ಭಿಣಿ. ಅಂದು ಅವರ ಮಗನ ಹತ್ತನೆಯ ಹುಟ್ಟುಹಬ್ಬ. ಶಂಕಿತರನ್ನು ಜನಾಂಗದ ಆಧಾರದಲ್ಲಿ ಅವಹೇಳನಕಾರಿ ಪದಗಳಿಂದ ವಿಂಗಡಿಸುವ ಕಡತವೊಂದು ತನಿಖಾಧಿಕಾರಿಗಳ ಬಳಿಯಿತ್ತೆಂಬುದೂ 2023ರಲ್ಲಿ ಬಯಲಾಗಿ, ಸಂಸ್ಥೆ ಕ್ಷಮೆ ಯಾಚಿಸಿತು. ಯಂತ್ರ ನಿಷ್ಪಕ್ಷಪಾತಿ ಎನ್ನುವವರು ಇದನ್ನು ಗಮನಿಸಬೇಕು. ಯಂತ್ರದ ಹಿಂದೆ ಕೂತಿರುವವನು ಮನುಷ್ಯನೇ.

ಶಾಖೆ ಕಳೆದುಕೊಂಡಿದ್ದ ಅಲನ್ ಬೇಟ್ಸ್ ಎಂಬವರು ಹತಾಶರಾಗದೆ ಸಂತ್ರಸ್ತರನ್ನು ಒಗ್ಗೂಡಿಸಿದರು. 555 ಮಂದಿ ಹೂಡಿದ ದಾವೆಯಲ್ಲಿ 2019ರ ಡಿಸೆಂಬರ್‌ನಲ್ಲಿ ತಂತ್ರಾಂಶದ ದೋಷಗಳನ್ನು ನ್ಯಾಯಾಲಯ ಎತ್ತಿಹಿಡಿಯಿತು. 2021ರ ಏಪ್ರಿಲ್‌ನಲ್ಲಿ ಸೀಮಾ ಮತ್ತು ಜೋ ಸಹಿತ 39 ಮಂದಿಯ ಶಿಕ್ಷೆ ರದ್ದಾಯಿತು. 2024ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸಂಸತ್ತು ಕಾನೂನನ್ನೇ ರಚಿಸಿ ಉಳಿದವರಲ್ಲಿ ಬಹುಪಾಲು ಮಂದಿಯನ್ನು ಸಾಮೂಹಿಕವಾಗಿ ದೋಷಮುಕ್ತಗೊಳಿಸಿತು. ಆದರೆ ಕನಿಷ್ಠ 13 ಮಂದಿ ಈ ಸಂಕಟದಿಂದಾಗಿ ಆತ್ಮಹತ್ಯೆ ಮಾಡಿಕೊಂಡಿರಬಹುದೆಂದು 2025ರ ಜುಲೈನಲ್ಲಿ ಹೊರಬಂದ ವಿಚಾರಣಾ ವರದಿ ಹೇಳಿತು. ತಡವಾಗಿ ಬಂದ ನ್ಯಾಯ ಅವರ ಮನೆಗಳಿಗೆ ಏನನ್ನು ಮರಳಿ ಕೊಟ್ಟೀತು?

ಮಾನ್ಯರೇ, ಇದು ಕೇವಲ ಬ್ರಿಟನ್ನಿನ ಕತೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಮಕ್ಕಳು ಬೆಂಗಳೂರಿನಲ್ಲೂ ಕೊಲ್ಲಿ ರಾಷ್ಟ್ರಗಳಲ್ಲೂ ತಂತ್ರಾಂಶ ರಚಿಸುತ್ತಿದ್ದಾರೆ. ಅವರ ಸಂಬಳ ಎಷ್ಟೆಂದು ವಿಚಾರಿಸುವ ನಾವು, ಅವರು ಬರೆದ ಲೆಕ್ಕ ಯಾರ ಅನ್ನವನ್ನು ತೂಗುತ್ತದೆಂದೂ ವಿಚಾರಿಸಬೇಕು. ತಕ್ಕಡಿಯಲ್ಲಿ ಮೋಸ ಮಾಡಬಾರದೆಂದು ವ್ಯಾಪಾರಿಗೆ ಬೋಧಿಸುತ್ತೇವೆ. ತಂತ್ರಾಂಶವೂ ಒಂದು ತಕ್ಕಡಿಯೇ. ಅದು ತಪ್ಪು ತೂಗುತ್ತಿದೆಯೆಂದು ತಿಳಿದೂ ಮೌನವಾಗಿರುವ ತಂತ್ರಜ್ಞ ಆ ಮೋಸದಲ್ಲಿ ಪಾಲುದಾರನಾಗುತ್ತಾನೆ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಕಂಪ್ಯೂಟರ್ ದಾಖಲೆಯನ್ನು ನ್ಯಾಯಾಲಯದ ಮುಂದಿಡುವಾಗ ಆ ಯಂತ್ರದ ಹೊಣೆ ಹೊತ್ತವರೂ ತಜ್ಞರೂ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ. ನಾಳೆ ಆ ಸಹಿ ನಮ್ಮ ಮಗನದೋ ಮಗಳದೋ ಆಗಿರಬಹುದು. ಅದು ಬರಿಯ ಕಚೇರಿಯ ವಿಧಿಯಲ್ಲ, ಸಾಕ್ಷ್ಯ ನುಡಿಯುವ ಕೆಲಸ. ಆದ್ದರಿಂದ ಯುವ ಮಿತ್ರರೇ, ದೋಷ ಕಂಡಾಗ ಅದನ್ನು ಬರವಣಿಗೆಯಲ್ಲಿ ದಾಖಲಿಸಿರಿ. ಬಳಕೆದಾರನಿಗೆ ತನ್ನ ಲೆಕ್ಕವನ್ನು ಪರಿಶೀಲಿಸುವ, ಪ್ರಶ್ನಿಸುವ ದಾರಿಯನ್ನು ಮುಚ್ಚದಿರಿ. ಹೆತ್ತವರೇ, 'ಸಿಸ್ಟಮ್‌ನಲ್ಲಿ ಹೀಗಿದೆ' ಎಂದು ಹೇಳಿದಾಗ ತಲೆತಗ್ಗಿಸಿ ಮರಳದಿರಿ. ಯಾವ ದಾಖಲೆ, ಅದಕ್ಕೆ ಹೊಣೆ ಯಾರು ಎಂದು ಲಿಖಿತವಾಗಿ ಕೇಳಿರಿ. ಯಂತ್ರಕ್ಕೆ ಶಿಕ್ಷೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಉತ್ತರಿಸಬೇಕಾದವನು ಮನುಷ್ಯ ಮಾತ್ರ.