ನಮ್ಮ ನಂತರವೂ ನಮ್ಮ ಮಾತು



ಇವತ್ತು ಸಾವಿನ ಬಗ್ಗೆ ನಾಲ್ಕು ಮಾತು. "ಇದೆಂಥ ಅಪಶಕುನ ಟೀಚರೇ?" ಅನ್ನಬೇಡಿ. ನಮ್ಮ ತುಳುನಾಡಿನಲ್ಲಿ ಸತ್ತವರು ದೂರದವರಲ್ಲ. ಆಟಿ ತಿಂಗಳಲ್ಲಿ ಎಷ್ಟೋ ಮನೆಗಳಲ್ಲಿ ಕುಲೆಗಳಿಗೆ ಬಾಳೆಲೆ ಹಾಕಿ ಬಡಿಸುತ್ತಾರೆ. ಮಸೀದಿ, ಇಗರ್ಜಿಗೆ ಹೋಗುವವರೂ ಹಿರಿಯರಿಗಾಗಿ ಪ್ರಾರ್ಥಿಸುತ್ತಾರೆ. ಹೋದವರನ್ನು ನಾವು ಮರೆಯುವುದಿಲ್ಲ. ನಾವೂ ಒಂದು ದಿನ ಹೋಗುವವರೇ. ಆ ಮಾತು ಬಂದರೆ ಮಾತ್ರ ಬಾಯಿ ಮುಚ್ಚುತ್ತೇವೆ.

ಮುಚ್ಚಿದರೆ ಏನಾಗುತ್ತದೆ? ಬೊಜ್ಜದ ಊಟ ಮುಗಿಯುವ ಮೊದಲೇ ಜಗಳ ಶುರು. ಅಮ್ಮನ ಬಳೆ ಯಾರಿಗೆ? ಬೀಡಿ ಕಟ್ಟಿ ಉಳಿಸಿದ ಹಣ ಯಾರಿಗೆ? "ನನಗೆ ಕೊಡುತ್ತೇನೆ ಅಂದಿದ್ದರು" ಅನ್ನುತ್ತಾಳೆ ಮಗಳು. "ಕೊನೆಗಾಲಕ್ಕೆ ನೋಡಿಕೊಂಡದ್ದು ನಾನು" ಅನ್ನುತ್ತಾಳೆ ಸೊಸೆ. ಇಬ್ಬರ ಮಾತೂ ನಿಜ ಇರಬಹುದು. ಆದರೆ ಹೇಳಬೇಕಾದವರೇ ಇಲ್ಲ. ಅಳಬೇಕಾದ ಮಕ್ಕಳು ಮುಖ ತಿರುಗಿಸಿ ಕೂರುತ್ತಾರೆ.

ಇದಕ್ಕೆ ಒಂದು ದಾರಿ ವೀಲುನಾಮೆ. ಇದನ್ನೇ ಉಯಿಲು, ಮರಣಶಾಸನ ಎಂದೂ ಹೇಳುತ್ತಾರೆ. ಇದು ಶ್ರೀಮಂತರಿಗೆ ಮಾತ್ರ ಅಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನಿಮ್ಮ ಸ್ವಂತದ್ದು ಏನಿದೆ, ಅದು ಯಾರಿಗೆ ಎಂದು ಬರೆಯಿರಿ. ಇಬ್ಬರು ಸಾಕ್ಷಿಗಳ ಎದುರು ರುಜು ಹಾಕಿ. ಅವರೂ ರುಜು ಹಾಕಬೇಕು. ಪಾಲು ಪಡೆಯುವವರು ಸಾಕ್ಷಿ ಆಗದಿದ್ದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಭದ್ರ. ಬದುಕಿರುವ ತನಕ ಅದನ್ನು ಬದಲಾಯಿಸಬಹುದು. ಮುಸ್ಲಿಮರಿಗೆ ನಿಯಮ ಬೇರೆ. ವಾರಸುದಾರರ ಒಪ್ಪಿಗೆ ಇಲ್ಲದೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬರೆಯುವಂತಿಲ್ಲ.

ಬರೆಯದೇ ಹೋದರೆ? ಹಿಂದೆ ಈ ಕಡೆ ಬಹಳ ಕುಟುಂಬಗಳಲ್ಲಿ ಅಳಿಯ ಸಂತಾನ ಕಟ್ಟು ಇತ್ತು. ತಾಯಿಯ ಕಡೆಯಿಂದ ಆಸ್ತಿ ಬರುತ್ತಿತ್ತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಅದರಂತೆ ಹಿಂದೂ ಹೆಂಗಸಿನ ಸ್ವಂತ ಆಸ್ತಿಯಲ್ಲಿ ಮಕ್ಕಳಿಗೆಲ್ಲ ಸಮಪಾಲು. ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ.

ಬ್ಯಾಂಕ್ ಪಾಸ್‌ಬುಕ್, ಪಿ.ಎಫ್. ಖಾತೆಗೆ ನಾಮಿನಿ ಹೆಸರು ಬರೆಸಿದ್ದೀರಾ? ನಾಳೆಯೇ ನೋಡಿ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ 21 ದಿನದೊಳಗೆ ಮರಣ ನೋಂದಣಿ ಮಾಡಿಸಿ. ಆ ಪತ್ರ ಇಲ್ಲದೆ ವಿಧವಾ ವೇತನಕ್ಕೂ ಅಲೆದಾಟ.

ಹೆಬ್ಬೆಟ್ಟು ಒತ್ತುವ ಕಾಲದಲ್ಲಿ ಯಾರು ಏನು ಬರೆದರೂ ನಂಬಬೇಕಿತ್ತು. ಈಗ ನಿಮಗೆ ಓದಲು ಬರುತ್ತದೆ. ಓದದೆ ಯಾವ ಕಾಗದಕ್ಕೂ ರುಜು ಹಾಕಬೇಡಿ, ಮಗನೇ ತಂದುಕೊಟ್ಟರೂ ಸರಿ.

ಆಸ್ತಿ ಇಲ್ಲದವರು ಏನು ಬರೆಯಬೇಕು? ನಿಮಗೆ ಪಾಡ್ದನ ಗೊತ್ತು. ಬಾಣಂತಿ ಮದ್ದು ಗೊತ್ತು. ಯಾವ ಸೌತೆ ಬೀಜ ಎಂದು ಬಿತ್ತಬೇಕು ಎಂಬುದು ಗೊತ್ತು. ಅಜ್ಜಿಯ ಅಜ್ಜಿಯ ಹೆಸರು ಗೊತ್ತು. ಇವು ನಿಮ್ಮ ಜೊತೆಯೇ ಹೋಗಬಾರದು. ದಿನಕ್ಕೆ ಎರಡು ಸಾಲು ಬರೆದಿಡಿ. ಅಕ್ಷರ ಸೊಟ್ಟ ಇದ್ದರೂ ಚಿಂತೆ ಇಲ್ಲ. ಮೊಮ್ಮಕ್ಕಳು ಓದುವಾಗ ಅದು ಅಜ್ಜಿಯ ಕೈಬರಹ.

ಸಾವು ಯಾರನ್ನೂ ಕೇಳಿ ಬರುವುದಿಲ್ಲ. ನಮ್ಮ ಮಾತನ್ನು ಉಳಿಸಿ ಹೋಗುವುದು ನಮ್ಮ ಕೈಯಲ್ಲಿದೆ.