ತಪ್ಪು ಮಾಡಿ ಕಲಿಯುವ ಪ್ರಯೋಗಶಾಲೆ

ರಾಜಾಜಿನಗರದಲ್ಲಿ ಬಾಡಿಗೆಗಿದ್ದ ಸಂಸಾರವೊಂದು ಕೆಂಗೇರಿಗೆ ಮನೆ ಬದಲಾಯಿಸುತ್ತದೆ ಎಂದಿಟ್ಟುಕೊಳ್ಳಿ. ಹೊಸ ಮನೆಯಲ್ಲಿ ನೀರು, ದೀಪ ಇವೆಯೇ ಎಂದು ಮೊದಲು ನೋಡುತ್ತಾರೆ. ಸಾಮಾನು ಎಣಿಸಿ ಕಟ್ಟುತ್ತಾರೆ. ಇಳಿಸಿದ ಮೇಲೆ ಮತ್ತೆ ಎಣಿಸುತ್ತಾರೆ. ಎಲ್ಲವೂ ಸರಿಯಿದ್ದರೆ ಮಾತ್ರ ಹಳೆಯ ಮನೆಯ ಬೀಗದ ಕೈ ಒಪ್ಪಿಸುತ್ತಾರೆ. ಕಚೇರಿಯೊಂದರ ಗಣಕ ಕೆಲಸಗಳನ್ನು ಕ್ಲೌಡ್‌ಗೆ ಸಾಗಿಸುವುದೂ ಹೀಗೆಯೇ. ಇದನ್ನು ಮೈಗ್ರೇಷನ್, ಅಂದರೆ ಸ್ಥಳಾಂತರ ಎನ್ನುತ್ತಾರೆ.

ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ. ದೊಡ್ಡ ಕಟ್ಟಡಗಳಲ್ಲಿ ಸಾಲುಸಾಲಾಗಿ ಜೋಡಿಸಿಟ್ಟ ಗಣಕಗಳು. ಅವನ್ನು ಅಂತರಜಾಲದ ಮೂಲಕ ಬೇಕಾದಷ್ಟು ಹೊತ್ತು ಬಾಡಿಗೆಗೆ ಪಡೆಯಬಹುದು. ಅಮೆಜಾನ್ ಸಂಸ್ಥೆ 2006ರಲ್ಲಿ ಇಂಥ ಸೇವೆ ಆರಂಭಿಸಿತು. 2016ರಲ್ಲಿ ಮುಂಬಯಿಯಲ್ಲೂ ಕೇಂದ್ರ ತೆರೆಯಿತು.

ಇದನ್ನು ಕಲಿಯುವುದು ಹೇಗೆ? ಈಜು ಕಲಿಯಲು ನೀರಿಗೆ ಇಳಿಯಲೇಬೇಕು. ಅದಕ್ಕಾಗಿಯೇ ಅಭ್ಯಾಸದ ಲ್ಯಾಬ್‌ಗಳಿವೆ. ಗೂಗಲ್ 2016ರಲ್ಲಿ ಕೊಂಡ ಕ್ವಿಕ್‌ಲ್ಯಾಬ್ಸ್ ಇಂಥದ್ದೊಂದಾಗಿತ್ತು. ಲ್ಯಾಬ್ ಶುರುಮಾಡಿದೊಡನೆ ನಿಮಗೊಂದು ತಾತ್ಕಾಲಿಕ ಖಾತೆ ಸಿಗುತ್ತದೆ. ಒಳಗಿರುವುದು ನಿಜವಾದ ಕ್ಲೌಡ್. ಅವಧಿ ಮುಗಿದರೆ ನೀವು ಕಟ್ಟಿದ್ದೆಲ್ಲ ಅಳಿಸಿಹೋಗುತ್ತದೆ. ವಿಜಯನಗರದ ವಿದ್ಯಾರ್ಥಿನಿ ರಾತ್ರಿ ಊಟವಾದ ಮೇಲೆ ಕುಳಿತು, ತನ್ನದೇ ವೇಗದಲ್ಲಿ ಇದನ್ನು ಮಾಡಬಹುದು.

ಆದರೆ ಒಂದು ಅಪಾಯವಿದೆ. ಪರದೆಯ ಪಕ್ಕದಲ್ಲಿರುವ ಸೂಚನೆಗಳನ್ನು ಹಾಗೆಯೇ ನಕಲು ಮಾಡಿದರೆ ಲ್ಯಾಬ್ ಮುಗಿಯುತ್ತದೆ, ವಿದ್ಯೆ ಬರುವುದಿಲ್ಲ. ಆದ್ದರಿಂದ ಪ್ರತಿ ಲ್ಯಾಬನ್ನೂ ಎರಡು ಬಾರಿ ಮಾಡಿ. ಎರಡನೆಯ ಸಲ ಸೂಚನೆಗಳನ್ನು ನೋಡಬೇಡಿ. ಸರ್ವರ್ ನಡೆಯುತ್ತಿದೆ, ಆದರೂ ಪುಟ ತೆರೆಯುತ್ತಿಲ್ಲ. ಹುಡುಕಿದರೆ, ಫೈರ್‌ವಾಲ್‌ನಲ್ಲಿ 80ನೆಯ ಪೋರ್ಟ್ ಎಂಬ ಬಾಗಿಲನ್ನೇ ತೆರೆದಿರುವುದಿಲ್ಲ! ಹೀಗೆ ಅರ್ಧ ಗಂಟೆ ತಡಕಾಡಿ ಕಂಡುಕೊಂಡದ್ದು ಮರೆಯುವುದಿಲ್ಲ.

ಇಷ್ಟೊಂದು ಎಚ್ಚರ ಏಕೆ? ನಮ್ಮ ರಾಜ್ಯದ 'ಭೂಮಿ' ಯೋಜನೆಯನ್ನು ನೆನೆಯಿರಿ. ಅದು ಕ್ಲೌಡ್ ಅಲ್ಲ; ಕೈಬರಹದ ಪುಸ್ತಕದಿಂದ ತಾಲ್ಲೂಕು ಕಚೇರಿಯ ಗಣಕಕ್ಕೆ ನಡೆದ ಸ್ಥಳಾಂತರ. ಸುಮಾರು 2 ಕೋಟಿ ಪಹಣಿಗಳು ಸಾಗಬೇಕಿತ್ತು. ಗಣಕಕ್ಕೆ ತುಂಬಿಸಿದ್ದನ್ನು ಅಚ್ಚುಹಾಕಿ, ಗ್ರಾಮ ಲೆಕ್ಕಿಗರಿಂದ ಮೂಲ ಪುಸ್ತಕದೊಡನೆ ತಾಳೆ ನೋಡಿಸಿದರು. ಗಣಕದ ಪಹಣಿ ಜಾರಿಗೆ ಬಂದ ಮೇಲೆ ಕೈಬರಹದ ಪಹಣಿಯನ್ನು ಅಸಿಂಧುಗೊಳಿಸಿದರು. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೂ ರೈತನೊಬ್ಬನ ಸಾಲ, ಜಮೀನು ತೊಡಕಿಗೆ ಸಿಕ್ಕುತ್ತವೆ.

ಕ್ಲೌಡ್‌ನಲ್ಲೂ ಕ್ರಮ ಇದೇ. ಮೊದಲು ಏನೇನಿದೆ ಎಂದು ಪಟ್ಟಿ ಮಾಡಿ. ದತ್ತಾಂಶವನ್ನು ನಕಲಿಸಿ, ಎರಡೂ ಕಡೆಯ ದಾಖಲೆಗಳನ್ನು ಎಣಿಸಿ, ಕೆಲವನ್ನು ತೆರೆದು ಹೋಲಿಸಿ. ಆಮೇಲೆ ಬಳಕೆದಾರರನ್ನು ಹೊಸ ವಿಳಾಸಕ್ಕೆ ತಿರುಗಿಸಿ. ಹೊಸದು ನಂಬಿಕೆ ಗಳಿಸುವ ತನಕ ಹಳೆಯದನ್ನು ಅಳಿಸಬೇಡಿ.

ಕೊನೆಯದಾಗಿ ಒಂದು ಮಾತು. ಲ್ಯಾಬ್ ಬಿಟ್ಟು ಸ್ವಂತ ಖಾತೆಯಲ್ಲಿ ಅಭ್ಯಾಸ ಮಾಡುವಾಗ, ಕೆಲಸ ಮುಗಿದ ಯಂತ್ರಗಳನ್ನು ತೆಗೆದುಹಾಕಿ. ಇಲ್ಲದಿದ್ದರೆ ನೀವು ನಿದ್ರಿಸುವಾಗಲೂ ಬಾಡಿಗೆ ಏರುತ್ತಿರುತ್ತದೆ. ಲ್ಯಾಬಿನಲ್ಲಿ ಧಾರಾಳವಾಗಿ ತಪ್ಪು ಮಾಡಿ. ನಾಳೆ ಜನರ ದಾಖಲೆ ನಿಮ್ಮ ಕೈಗೆ ಬಂದಾಗ ಆ ತಪ್ಪುಗಳೇ ನಿಮ್ಮನ್ನು ಎಚ್ಚರಿಸುತ್ತವೆ.