ಮನೆಯ ಬಳಕೆಗೆ ಹಳೆಯ ಡೀಸೆಲ್ ಜನರೇಟರು: ಜೋಡಣೆಗೆ ಮುನ್ನ ತಿಳಿಯಬೇಕಾದ ವಿಷಯಗಳು



ನಾಸಿಕವೆಂದೊಡನೆ ಕನ್ನಡಿಗರಿಗೆ ಪಂಚವಟಿಯೂ ಗೋದಾವರಿಯೂ ನೆನಪಾಗುವುದು ಸಹಜ. 2023ರವರೆಗೆ ಔರಂಗಾಬಾದ್ ಎಂದು ಕರೆಯಲಾಗುತ್ತಿದ್ದ ಛತ್ರಪತಿ ಸಂಭಾಜಿನಗರವೆಂದರೆ ಎಲ್ಲೋರದ ಕೈಲಾಸ ದೇವಾಲಯವೂ ಅದನ್ನು ಕೊರೆಯಿಸಿದ ರಾಷ್ಟ್ರಕೂಟರೂ ಕಣ್ಣ ಮುಂದೆ ನಿಲ್ಲುತ್ತಾರೆ. ಆದರೆ ಈ ಎರಡು ಊರುಗಳೊಡನೆ ನಮ್ಮವರ ಸಂಬಂಧ ಯಾತ್ರೆಗೆ ಸೀಮಿತವಾದುದಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಛೇರಿಯನ್ನು ಹೊಂದಿರುವ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು 1964ರಲ್ಲಿ ನಾಸಿಕದ ಬಳಿಯ ಓಝರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿತು. ಸಾತಪುರ, ಅಂಬಡ, ಚಿಕಲಠಾಣಾ, ವಾಳೂಜ್ ಕೈಗಾರಿಕಾ ವಸಾಹತುಗಳು ಬೆಳೆದಂತೆ ದೂರದ ಊರುಗಳಿಂದ ಉದ್ಯೋಗಕ್ಕಾಗಿ ಜನರು ಬಂದರು. ಇಂದಿನ ನನ್ನ ಮಾತು ಆ ಬಗೆಯ ಮನೆಗಳಲ್ಲಿ ಆಗಾಗ ಏಳುವ ಒಂದು ಪ್ರಶ್ನೆಯನ್ನು ಕುರಿತದ್ದು: ಕಾರ್ಖಾನೆಯೋ ಆಸ್ಪತ್ರೆಯೋ ಬೇಡವೆಂದು ಮಾರುವ ಡೀಸೆಲ್ ಜನರೇಟರನ್ನು ಕಡಿಮೆ ಬೆಲೆಗೆ ಕೊಂಡು ಮನೆಗೆ ಜೋಡಿಸಬಹುದೇ?

ಪ್ರಶ್ನೆಯ ಹಿನ್ನೆಲೆ ಇಷ್ಟು. ದಾಭೋಳದ ವಿದ್ಯುತ್ ಸ್ಥಾವರ 2001ರಲ್ಲಿ ನಿಂತುಹೋದ ತರುವಾಯದ ವರ್ಷಗಳಲ್ಲಿ ಮಹಾರಾಷ್ಟ್ರವು ತೀವ್ರ ವಿದ್ಯುತ್ ಅಭಾವವನ್ನು ಎದುರಿಸಿತು. 2005ರಲ್ಲಿ ರಾಜ್ಯ ವಿದ್ಯುತ್ ಮಂಡಲಿಯನ್ನು ವಿಭಜಿಸಿ ವಿತರಣೆಯ ಹೊಣೆಯನ್ನು ಮಹಾವಿತರಣ ಕಂಪೆನಿಗೆ ಒಪ್ಪಿಸಲಾಯಿತು. ಆ ಕಂಪೆನಿಯು ವಿದ್ಯುತ್ ಸೋರಿಕೆ ಮತ್ತು ಬಿಲ್ಲು ವಸೂಲಿಯ ಆಧಾರದ ಮೇಲೆ ಮಾರ್ಗಗಳನ್ನು ಗುಂಪುಗಳಾಗಿ ವಿಂಗಡಿಸಿ, ಗುಂಪಿಗೆ ತಕ್ಕಂತೆ ಇಷ್ಟಿಷ್ಟು ಗಂಟೆ ಎಂದು ವಿದ್ಯುತ್ ಕಡಿತ ಮಾಡುತ್ತಿತ್ತು. ನಾಸಿಕದ ಏಕಲಹರೆಯಲ್ಲಿ ಉಷ್ಣವಿದ್ಯುತ್ ಕೇಂದ್ರವಿದ್ದರೂ ಅದರ ನೆರೆಹೊರೆಗೆ ವಿನಾಯಿತಿ ಇರಲಿಲ್ಲ. ಉತ್ಪಾದನೆಯಾದ ವಿದ್ಯುತ್ತು ಜಾಲಕ್ಕೆ ಸೇರುವುದೇ ಹೊರತು ಹತ್ತಿರದ ಮನೆಗೆ ಮೊದಲು ಹರಿಯುವುದಿಲ್ಲ. ಕಾರ್ಖಾನೆ, ಆಸ್ಪತ್ರೆ, ದ್ರಾಕ್ಷಿಯ ಶೀತಲಗೃಹ, ದೂರವಾಣಿ ಗೋಪುರ ಎಲ್ಲೆಡೆಯೂ ಜನರೇಟರುಗಳ ಸದ್ದು ಕೇಳಿಸುತ್ತಿದ್ದ ಕಾಲ ಅದು. ಅನಂತರ ಸರಬರಾಜು ಬಹುಮಟ್ಟಿಗೆ ಸುಧಾರಿಸಿತು. ಕೆಲಸವಿಲ್ಲದೆ ಉಳಿದ ಯಂತ್ರಗಳು ಹಳೆಯ ಸಾಮಾನಿನ ಮಾರುಕಟ್ಟೆಗೆ ಬರತೊಡಗಿದವು. ಸರ್ಕಾರಿ ಇಲಾಖೆಗಳ ಮತ್ತು ಸಾರ್ವಜನಿಕ ಉದ್ಯಮಗಳ ಹೆಚ್ಚುವರಿ ಸಾಮಗ್ರಿಯನ್ನು 1964ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಎಂ.ಎಸ್.ಟಿ.ಸಿ. ಸಂಸ್ಥೆಯು ಹರಾಜಿನ ಮೂಲಕ ವಿಲೇವಾರಿ ಮಾಡುತ್ತದೆ. ಅಲ್ಲಿಯೂ ಜನರೇಟರುಗಳು ದೊರೆಯುವುದುಂಟು. ಇದ್ದ ಸ್ಥಿತಿಯಲ್ಲಿಯೇ ಕೊಳ್ಳಬೇಕೆಂಬುದು ಹರಾಜಿನ ಸಾಮಾನ್ಯ ಷರತ್ತು ಎಂಬುದನ್ನು ಮರೆಯಬಾರದು.

ಜನರೇಟರಿನಲ್ಲಿ ಎರಡು ಯಂತ್ರಗಳಿವೆ: ತಿರುಗಿಸುವ ಎಂಜಿನ್ನು ಮತ್ತು ತಿರುಗಿದಾಗ ವಿದ್ಯುತ್ತನ್ನು ಕೊಡುವ ಆಲ್ಟರ್ನೇಟರು. ಹಲವು ಸೆಟ್ಟುಗಳ ಮೇಲೆ ಕಿರ್ಲೋಸ್ಕರ್ ಎಂಬ ಹೆಸರನ್ನು ತಾವು ಕಂಡಿರಬಹುದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಪುಣೆಯಲ್ಲಿ ಎಂಜಿನ್ ಕಾರ್ಖಾನೆಯನ್ನೂ ಅದೇ ವರ್ಷ ಬೆಂಗಳೂರಿನಲ್ಲಿ ವಿದ್ಯುದ್ಯಂತ್ರಗಳ ಕಾರ್ಖಾನೆಯನ್ನೂ ತೆರೆದರು. ಹೀಗಾಗಿ ಒಂದೇ ಚೌಕಟ್ಟಿನ ಮೇಲೆ ಪುಣೆಯ ಎಂಜಿನ್ನೂ ಬೆಂಗಳೂರಿನ ಆಲ್ಟರ್ನೇಟರೂ ಕುಳಿತಿರುವುದನ್ನು ಕಾಣಬಹುದು. ಇವೆರಡರ ಫಲಕಗಳನ್ನೂ ಪ್ರತ್ಯೇಕವಾಗಿ ಓದಬೇಕು. ನಾಲ್ಕು ಧ್ರುವಗಳ ಆಲ್ಟರ್ನೇಟರು ನಿಮಿಷಕ್ಕೆ 1500 ಸುತ್ತು ತಿರುಗಿದರೆ ನಮ್ಮ ದೇಶದ 50 ಹರ್ಟ್ಸ್ ಆವರ್ತನ ದೊರೆಯುತ್ತದೆ. ಫಲಕದ ಮೇಲೆ 1800 ಸುತ್ತು, 60 ಹರ್ಟ್ಸ್ ಎಂದಿದ್ದರೆ ಅದು ಬೇರೆ ದೇಶಕ್ಕಾಗಿ ತಯಾರಾದುದು. ವೇಗ ತಗ್ಗಿಸಿದರಾಯಿತು ಎಂದು ಮಾರುವವರು ಹೇಳಿದರೂ ನಂಬುವಂತಿಲ್ಲ, ವೇಗದೊಡನೆ ವೋಲ್ಟೇಜು, ಶಕ್ತಿ ಮತ್ತು ತಂಪುಗಾಳಿ ಮೂರೂ ತಗ್ಗುತ್ತವೆ.

ಇನ್ನು ಗಾತ್ರದ ವಿಚಾರ. ದೊಡ್ಡದಾದಷ್ಟೂ ಒಳ್ಳೆಯದೆಂಬ ಭಾವನೆ ಸಾಮಾನ್ಯವಾಗಿದೆ; ಡೀಸೆಲ್ ಎಂಜಿನ್ನಿನ ಮಟ್ಟಿಗೆ ಇದು ತಪ್ಪು. ತನ್ನ ಸಾಮರ್ಥ್ಯದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಹೊರೆಯಲ್ಲಿ ಬಹುಕಾಲ ಓಡುವ ಎಂಜಿನ್ನು ಸಾಕಷ್ಟು ಬಿಸಿಯೇರದೆ ಇಂಧನವನ್ನು ಪೂರ್ಣವಾಗಿ ಸುಡಲಾರದು. ಉಳಿದ ಇಂಧನವು ಮಸಿಯಾಗಿ, ಜಿಗುಟಾಗಿ ಇಂಜೆಕ್ಟರುಗಳಲ್ಲಿಯೂ ಹೊಗೆಕೊಳವೆಯಲ್ಲಿಯೂ ಕಟ್ಟಿಕೊಳ್ಳುತ್ತದೆ. ನಾಲ್ಕು ಫ್ಯಾನು, ಹತ್ತು ದೀಪ, ಒಂದು ತಂಗಳುಪೆಟ್ಟಿಗೆ, ಒಂದು ದೂರದರ್ಶನ ಇಷ್ಟಕ್ಕೆ 1 ಕಿಲೋವಾಟ್ ಸಹ ಬೇಡ. 62.5 ಕೆ.ವಿ.ಎ.ಯ ಕಾರ್ಖಾನೆ ಯಂತ್ರವನ್ನು ಈ ಹೊರೆಗೆ ಹೂಡುವುದು ಆನೆಯಿಂದ ತೊಟ್ಟಿಲು ತೂಗಿಸಿದಂತೆ. ಹೊರೆಯನ್ನು ಲೆಕ್ಕ ಹಾಕುವಾಗ ಮೋಟಾರುಗಳ ಕಡೆ ವಿಶೇಷ ಗಮನವಿರಲಿ. 1 ಅಶ್ವಶಕ್ತಿಯ ನೀರಿನ ಪಂಪು ಓಡುವಾಗ ಎಳೆಯುವ ಪ್ರವಾಹದ ಐದಾರು ಪಟ್ಟನ್ನು ಹೊರಡುವ ಕ್ಷಣದಲ್ಲಿ ಎಳೆಯುತ್ತದೆ. ಆದುದರಿಂದ ಪಂಪು, ಹವಾನಿಯಂತ್ರಕ ಮೊದಲಾದವನ್ನು ಒಟ್ಟಿಗೆ ಚಾಲೂ ಮಾಡದೆ ಒಂದರ ನಂತರ ಒಂದರಂತೆ ಹಚ್ಚುವುದು ಸೂಕ್ತ. ಈ ಎರಡು ಊರುಗಳೂ ಸಮುದ್ರಮಟ್ಟದಿಂದ ಸುಮಾರು 550ರಿಂದ 600 ಮೀಟರ್ ಎತ್ತರದಲ್ಲಿವೆ; ಎತ್ತರದಿಂದಾಗುವ ಶಕ್ತಿಯ ಇಳಿತ ಅಲ್ಪ, ಮೇ ತಿಂಗಳ ಬಿಸಿಲಿನಿಂದಾಗುವುದು ಅದಕ್ಕಿಂತ ಹೆಚ್ಚು.

ಮಾರಾಟಕ್ಕೆ ಬರುವ ಸೆಟ್ಟುಗಳಲ್ಲಿ ಬಹುಪಾಲು ಮೂರು ಫೇಸಿನವು, ಮನೆಗಳಲ್ಲಿ ಬಹುಪಾಲು ಒಂದು ಫೇಸಿನವು. 15 ಕೆ.ವಿ.ಎ. ಸಾಮರ್ಥ್ಯದ ಮೂರು ಫೇಸಿನ ಸೆಟ್ಟಿನಲ್ಲಿ ಪ್ರತಿ ಫೇಸಿಗೆ ದೊರೆಯುವುದು 5 ಕೆ.ವಿ.ಎ., ಎಂದರೆ 230 ವೋಲ್ಟಿನಲ್ಲಿ ಸುಮಾರು 22 ಆಂಪಿಯರು ಮಾತ್ರ. 15 ಎಂಬ ಅಂಕಿಯನ್ನು ನಂಬಿ ಮನೆಯ ಹೊರೆಯನ್ನೆಲ್ಲ ಒಂದೇ ಫೇಸಿಗೆ ಕಟ್ಟಿದರೆ ಆ ಸುರುಳಿ ಸುಡುತ್ತದೆ. ಕೆಲವು ಆಲ್ಟರ್ನೇಟರುಗಳ ತಂತಿಗಳನ್ನು ಒಂದು ಫೇಸಿಗೆ ಮರುಜೋಡಿಸಲು ಸಾಧ್ಯ. ಅದು ಬಲ್ಲವರ ಕೆಲಸ.

ಕೊಳ್ಳುವ ಮುನ್ನ ಯಂತ್ರವನ್ನು ತಣ್ಣಗಿರುವಾಗಲೇ ಹೋಗಿ ನೋಡಬೇಕು. ತಾವು ತಲುಪುವ ಹೊತ್ತಿಗೆ ಅದು ಬಿಸಿಯಾಗಿ ಓಡುತ್ತಿದ್ದರೆ ಸಂಶಯ ಪಡುವುದರಲ್ಲಿ ತಪ್ಪಿಲ್ಲ. ಗೀಸರು, ವಿದ್ಯುತ್ ಒಲೆಗಳನ್ನು ಹೊರೆಯಾಗಿ ಜೋಡಿಸಿ ಕನಿಷ್ಠ ಒಂದು ಗಂಟೆ ಓಡಿಸಿ ವೋಲ್ಟೇಜನ್ನೂ ಆವರ್ತನವನ್ನೂ ಅಳೆಯಿಸಬೇಕು. ನೀಲಿ ಹೊಗೆ ಎಣ್ಣೆ ಸುಡುತ್ತಿರುವುದನ್ನೂ, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಸುಡದ ಇಂಧನವನ್ನೋ ಸಿಲಿಂಡರಿಗೆ ಇಳಿಯುತ್ತಿರುವ ನೀರನ್ನೋ ಸೂಚಿಸುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಆಲ್ಟರ್ನೇಟರಿನ ಸುರುಳಿಗಳು ತೇವವನ್ನು ಹೀರಿರುತ್ತವೆ. ಆದ್ದರಿಂದ ಅದನ್ನು ಮೊದಲ ಬಾರಿ ಓಡಿಸುವ ಮುನ್ನ 500 ವೋಲ್ಟಿನ ಮೆಗ್ಗರಿನಿಂದ ನಿರೋಧವನ್ನು ಪರೀಕ್ಷಿಸಬೇಕು. 1 ಮೆಗಓಮಿಗಿಂತ ಕಡಿಮೆಯಿದ್ದರೆ ಒಣಗಿಸದೆ ವಿದ್ಯುತ್ತು ಹಾಯಿಸಬಾರದು.

ಈಗ ಜೋಡಣೆಯ ವಿಚಾರ. ಈ ಭಾಷಣದಲ್ಲಿ ತಾವು ಒಂದೇ ಭಾಗವನ್ನು ನೆನಪಿಡುವುದಾದರೆ ಇದನ್ನು ನೆನಪಿಡಬೇಕೆಂದು ಕೋರುತ್ತೇನೆ.

ಎರಡೂ ತುದಿಗೆ ಪ್ಲಗ್ಗಿರುವ ತಂತಿಯೊಂದನ್ನು ಮಾಡಿ, ಒಂದನ್ನು ಜನರೇಟರಿಗೂ ಮತ್ತೊಂದನ್ನು ಅಡುಗೆಮನೆಯ ಸಾಕೆಟ್ಟಿಗೂ ಚುಚ್ಚಿ ಮನೆಯನ್ನೆಲ್ಲ ಬೆಳಗಿಸುವ ಪದ್ಧತಿ ಕೆಲವೆಡೆ ಇದೆ. ಸಾಕೆಟ್ಟಿನಿಂದ ಕಿತ್ತ ಪ್ಲಗ್ಗಿನ ತೆರೆದ ಮೊಳೆಗಳಲ್ಲಿಯೇ 230 ವೋಲ್ಟ್ ಇರುತ್ತದೆ ಎಂಬುದು ಅದರ ಮೊದಲನೆಯ ಅಪಾಯ. ಎರಡನೆಯದು ಇನ್ನೂ ಘೋರವಾದುದು, ಏಕೆಂದರೆ ಅದು ಮನೆಯ ಹೊರಗಿನವರನ್ನು ಕೊಲ್ಲುತ್ತದೆ. ಮೇನ್ ಸ್ವಿಚ್ಚನ್ನು ಮರೆತರೆ ಜನರೇಟರಿನ ವಿದ್ಯುತ್ತು ಮೀಟರಿನ ಮೂಲಕ ಹಿಂದಕ್ಕೆ ಬೀದಿಯ ತಂತಿಗೆ, ಅಲ್ಲಿಂದ ಟ್ರಾನ್ಸ್‌ಫಾರ್ಮರಿಗೆ ಹರಿಯುತ್ತದೆ. 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರಿಗೆ ಹಿಂದುಮುಂದಿನ ಭೇದವಿಲ್ಲ. ಮನೆಯ ಕಡೆಯಿಂದ 230 ವೋಲ್ಟ್ ಕೊಟ್ಟರೆ ಅದು ಆಚೆಯ ಬದಿಯಲ್ಲಿ ಸುಮಾರು 10,000 ವೋಲ್ಟನ್ನು ಎಬ್ಬಿಸುತ್ತದೆ. ಮಾರ್ಗವನ್ನು ಬಂದ್ ಮಾಡಿಸಿ ಕಂಬವೇರಿದ ಲೈನ್‌ಮನ್ ತಾನು ಮುಟ್ಟುವ ತಂತಿ ಸತ್ತ ತಂತಿಯೆಂದೇ ಭಾವಿಸಿರುತ್ತಾನೆ.

ಇಷ್ಟು ಚಿಕ್ಕ ಜನರೇಟರು ಇಡೀ ಬೀದಿಯ ಹೊರೆಯನ್ನು ಹೊರಲಾರದೆ ತಾನೇ ನಿಂತುಬಿಡುತ್ತದೆ, ಆದ್ದರಿಂದ ಅಪಾಯವಿಲ್ಲ ಎಂದು ವಾದಿಸುವವರುಂಟು. ಅನೇಕ ವೇಳೆ ಹಾಗೆಯೇ ಆಗಬಹುದು. ಆದರೆ ಗಾಳಿಮಳೆಗೆ ತಂತಿ ತುಂಡಾಗಿ ಬಿದ್ದಾಗ, ಅಥವಾ ಫ್ಯೂಸುಗಳನ್ನು ಕಿತ್ತು ಮಾರ್ಗದ ಒಂದು ತುಣುಕನ್ನು ಬೇರ್ಪಡಿಸಿದಾಗ, ಜನರೇಟರಿನ ಎದುರಿಗೆ ಉಳಿಯುವ ಹೊರೆ ಎರಡು ಮೂರು ಮನೆಗಳದ್ದಾಗಿರಬಹುದು, ಇಲ್ಲವೇ ಏನೂ ಇರಲಿಕ್ಕಿಲ್ಲ. ದುರಸ್ತಿ ನಡೆಯುವುದು ಸರಿಯಾಗಿ ಅಂತಹ ಸಂದರ್ಭದಲ್ಲಿಯೇ. ಆಗ ಜನರೇಟರು ನಿಲ್ಲುವುದಿಲ್ಲ. ಮೇನ್ ಸ್ವಿಚ್ಚನ್ನು ನಾವು ತಪ್ಪದೆ ತೆಗೆಯುತ್ತೇವೆ ಎಂಬ ಮಾತೂ ಸಾಲದು. ಮನೆಯ ಯಜಮಾನರು ಊರಲ್ಲಿಲ್ಲದ ದಿನ, ಕತ್ತಲಲ್ಲಿ ಟಾರ್ಚು ಹುಡುಕುತ್ತಾ ಜನರೇಟರು ಚಾಲೂ ಮಾಡುವವರು ಬೇರೆ ಯಾರೋ ಆಗಿರುತ್ತಾರೆ. ಮತ್ತೊಬ್ಬರ ಜೀವವನ್ನು ನಮ್ಮ ನೆನಪಿನ ಶಕ್ತಿಗೆ ಒಪ್ಪಿಸುವುದು ನ್ಯಾಯವಲ್ಲ.

ಇದಕ್ಕೆ ಪರಿಹಾರ ದುಬಾರಿಯಾದುದೇನೂ ಅಲ್ಲ: ಚೇಂಜ್‌ಓವರ್ ಸ್ವಿಚ್ಚು. ಮೀಟರು ಮತ್ತು ಮೇನ್ ಸ್ವಿಚ್ಚಿನ ಅನಂತರ, ಮನೆಯ ವಿತರಣಾ ಫಲಕಕ್ಕೆ ಮೊದಲು ಇದನ್ನು ಕೂರಿಸಲಾಗುತ್ತದೆ. ಇದರ ಹಿಡಿಗೆ ಮೂರು ಸ್ಥಾನಗಳು. ಒಂದು ಕಡೆ ಕಂಪೆನಿಯ ವಿದ್ಯುತ್ತು, ಇನ್ನೊಂದು ಕಡೆ ಜನರೇಟರು, ನಡುವೆ ಎರಡೂ ಇಲ್ಲದ ಸ್ಥಿತಿ. ಒಂದನ್ನು ಬಿಡದೆ ಮತ್ತೊಂದನ್ನು ಹಿಡಿಯಲು ಅದರ ಯಂತ್ರರಚನೆಯೇ ಅವಕಾಶ ಕೊಡುವುದಿಲ್ಲ. ಎರಡು ಸರಬರಾಜುಗಳು ಪರಸ್ಪರ ಎದುರಾಗುವ ಭಯವೂ ಇದರಿಂದ ತಪ್ಪುತ್ತದೆ. ಓಡುತ್ತಿರುವ ಜನರೇಟರಿಗೆ ಹಠಾತ್ತನೆ ಮರಳಿದ ಮೇನ್ ಸರಬರಾಜು ತಾಗಿದರೆ ಸುರುಳಿ ಸುಡುವುದಲ್ಲದೆ ದಂಡವೇ ತಿರುಚಿಹೋಗಬಹುದು. ಒಂದು ಫೇಸಿನ ಮನೆಗೆ ಎರಡು ಪೋಲಿನ, ಮೂರು ಫೇಸಿನ ಮನೆಗೆ ನಾಲ್ಕು ಪೋಲಿನ ಸ್ವಿಚ್ಚನ್ನೇ ಹಾಕಿಸಬೇಕು. ಫೇಸಿನೊಂದಿಗೆ ನ್ಯೂಟ್ರಲೂ ಬದಲಾಗಬೇಕೆಂಬುದು ಇದರ ಉದ್ದೇಶ. ಹಣ ಉಳಿಸಲೆಂದು ನ್ಯೂಟ್ರಲನ್ನು ಎರಡಕ್ಕೂ ಕೂಡಿಸಿಬಿಟ್ಟರೆ ಸೋರಿಕೆ ತಡೆಯುವ ಸ್ವಿಚ್ಚು ಸುಮ್ಮಸುಮ್ಮನೆ ಬೀಳುವುದು, ಇಲ್ಲವೇ ಬೀಳಬೇಕಾದಾಗ ಬೀಳದಿರುವುದು ಸಂಭವಿಸುತ್ತದೆ.

ಹೀಗೆ ನ್ಯೂಟ್ರಲ್ ಬೇರೆಯಾದಾಗ ಜನರೇಟರಿನ ನ್ಯೂಟ್ರಲಿಗೆ ತನ್ನದೇ ಆದ ಭೂಸಂಪರ್ಕ ಬೇಕಾಗುತ್ತದೆ. ಅದರ ಚೌಕಟ್ಟಿಗೆ ಎರಡು ಪ್ರತ್ಯೇಕ ಭೂಸಂಪರ್ಕಗಳನ್ನು ಕೊಡುವುದು ಸ್ಥಾಪಿತ ಪದ್ಧತಿ, ಐ.ಎಸ್. 3043 ಎಂಬ ಭಾರತೀಯ ಮಾನಕವು ಭೂಸಂಪರ್ಕದ ವಿಧಾನಗಳನ್ನು ವಿವರಿಸುತ್ತದೆ. ಸಂಭಾಜಿನಗರದ ಸುತ್ತಣ ಕಪ್ಪುಮಣ್ಣು ಬೇಸಗೆಯಲ್ಲಿ ಬಿರುಕುಬಿಟ್ಟು ಭೂತಂತಿಯಿಂದ ದೂರ ಸರಿಯುವುದರಿಂದ ಆ ಗುಂಡಿಗೆ ಆಗಾಗ ನೀರುಣಿಸುವುದು ಅಗತ್ಯ. ಮೂರು ಫೇಸಿನ ಸೆಟ್ಟಿನಲ್ಲಿ ನ್ಯೂಟ್ರಲ್ ಸಡಿಲವಾದರೆ ಒಂದು ಫೇಸಿನಲ್ಲಿ ವೋಲ್ಟೇಜು ಕುಸಿದು ಮತ್ತೊಂದರಲ್ಲಿ 400ರ ಸಮೀಪಕ್ಕೆ ಏರಬಹುದು, ತಂಗಳುಪೆಟ್ಟಿಗೆಯೂ ದೂರದರ್ಶನವೂ ಒಂದೇ ನಿಮಿಷದಲ್ಲಿ ಹಾಳಾಗುವುದು ಹೀಗೆಯೇ.

ಕಾನೂನಿನ ವಿಚಾರವನ್ನು ಸಂಕ್ಷೇಪವಾಗಿ ಹೇಳುವುದಾದರೆ, 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಲ್ಲಿಯೇ 10 ಕಿಲೋವಾಟ್ ಮೀರಿದ ಜನರೇಟರಿಗೆ ವಿದ್ಯುತ್ ನಿರೀಕ್ಷಕರ ಲಿಖಿತ ಅನುಮತಿ ಬೇಕಾಗಿತ್ತು. 2003ರ ವಿದ್ಯುತ್ ಕಾಯಿದೆಯ ತರುವಾಯ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿಯೂ ಮತ್ತೆ 2023ರಲ್ಲಿಯೂ ಸುರಕ್ಷತಾ ವಿನಿಯಮಗಳನ್ನು ಹೊರಡಿಸಿದೆ. ಎಷ್ಟು ಸಾಮರ್ಥ್ಯಕ್ಕೆ ತಪಾಸಣೆ ಕಡ್ಡಾಯ ಎಂಬುದನ್ನು ಅಧಿಸೂಚನೆಯ ಮೂಲಕ ನಿಗದಿಪಡಿಸಲಾಗುತ್ತದೆಯಾದ್ದರಿಂದ ಜಿಲ್ಲೆಯ ವಿದ್ಯುತ್ ನಿರೀಕ್ಷಕರ ಕಛೇರಿಯಲ್ಲಿ ವಿಚಾರಿಸಿ, ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಬೇಕು. ಶಬ್ದದ ಬಗ್ಗೆಯೂ ನಿಯಮವಿದೆ. 1000 ಕೆ.ವಿ.ಎ.ವರೆಗಿನ ಹೊಸ ಸೆಟ್ಟುಗಳು ಹೊದಿಕೆಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂದು 2002ರಲ್ಲಿ ಗೊತ್ತುಪಡಿಸಲಾಯಿತು. ಅದಕ್ಕೆ ಮೊದಲು ತಯಾರಾದ, ಹೊದಿಕೆಯಿಲ್ಲದ ಯಂತ್ರವು ಅಗ್ಗವಾಗಿ ದೊರೆಯುವುದಕ್ಕೆ ಇದೂ ಒಂದು ಕಾರಣ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಿತಿ 45 ಡೆಸಿಬೆಲ್ ಇರುವಾಗ ನೆರೆಯವರು ಇದನ್ನು ಎಷ್ಟು ದಿನ ಸಹಿಸಿಯಾರು?

ಯಂತ್ರವನ್ನು ಇಡುವ ಜಾಗ ತೆರೆದಿರಬೇಕು. ಕೋಣೆ, ನೆಲಮಾಳಿಗೆ, ಬಾಗಿಲು ಮುಚ್ಚಿದ ವಾಹನಶಾಲೆ ಯಾವುದೂ ಸಲ್ಲದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಅದು ಎಚ್ಚರಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಖರ್ಚಿನ ಮಾತೂ ಆಗಿಬಿಡಲಿ. ತಕ್ಕಷ್ಟು ಹೊರೆಯಿದ್ದಾಗ 1 ಲೀಟರ್ ಡೀಸೆಲಿನಿಂದ ಸುಮಾರು 3 ಯೂನಿಟ್ ದೊರೆಯುತ್ತದೆ. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಇಂಧನಕ್ಕೇ ಯೂನಿಟ್ಟಿಗೆ 30 ರೂಪಾಯಿ. ಹೊರೆ ಕಡಿಮೆಯಾದಂತೆ ಇದು ಇನ್ನೂ ಏರುತ್ತದೆ. ನಗರದ ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದೆರಡು ಗಂಟೆ ವಿದ್ಯುತ್ತು ಹೋಗುವುದಾದರೆ ಬ್ಯಾಟರಿ ಇನ್ವರ್ಟರೇ ಸಾಕೆಂದು ನನ್ನ ಅಭಿಪ್ರಾಯ. ಮನೆಯಲ್ಲಿ ಆಮ್ಲಜನಕದ ಯಂತ್ರವನ್ನು ಆಶ್ರಯಿಸಿದ ರೋಗಿಯಿದ್ದರೆ, ತೋಟದ ಮನೆಯಲ್ಲಿ ಕೊಳವೆಬಾವಿಯೊಂದೇ ನೀರಿನ ಆಸರೆಯಾಗಿದ್ದರೆ, ಬಹುಮಹಡಿ ಕಟ್ಟಡದ ಲಿಫ್ಟು ನಡೆಯಬೇಕಿದ್ದರೆ ಮಾತು ಬೇರೆ.

ಚಾವಣಿಯ ಮೇಲೆ ಸೌರಫಲಕ ಹಾಕಿಸಿದವರು ಇನ್ನೊಂದನ್ನು ಗಮನಿಸಬೇಕು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ ಇಂತಹ ಮನೆಗಳು ಹೆಚ್ಚುತ್ತಿವೆ. ಜಾಲಕ್ಕೆ ಕೂಡಿಕೊಂಡ ಸೌರ ಇನ್ವರ್ಟರು ಮೇನ್ ಸರಬರಾಜು ಹೋದೊಡನೆ ತಾನೇ ನಿಲ್ಲುತ್ತದೆ. ಆದರೆ ಅದನ್ನು ಚೇಂಜ್‌ಓವರಿನ ಮನೆಯ ಬದಿಗೆ ಜೋಡಿಸಿದ್ದರೆ ಜನರೇಟರಿನ ವಿದ್ಯುತ್ತನ್ನೇ ಜಾಲವೆಂದು ತಿಳಿದು ಮತ್ತೆ ಚಾಲೂ ಆಗಬಹುದು. ಮಧ್ಯಾಹ್ನದ ಬಿಸಿಲಿನಲ್ಲಿ ಮನೆಯ ಬಳಕೆಗಿಂತ ಹೆಚ್ಚು ಉತ್ಪಾದನೆಯಾದಾಗ ಉಳಿದ ಶಕ್ತಿಯು ಜನರೇಟರಿನೊಳಗೆ ನುಗ್ಗಿ ಅದನ್ನು ಮೋಟಾರಿನಂತೆ ದೂಡುತ್ತದೆ. ಸೌರ ಇನ್ವರ್ಟರಿನ ಸ್ಥಾನ ಚೇಂಜ್‌ಓವರಿನ ಮೇನ್ ಬದಿಯಲ್ಲಿಯೇ ಇರಲಿ.

ಜೋಡಣೆಯಾದ ಮೇಲೆ ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಹೊರೆಯೊಂದಿಗೆ ಓಡಿಸಿ ಬ್ಯಾಟರಿಯನ್ನೂ ಎಣ್ಣೆಯ ಮಟ್ಟವನ್ನೂ ನೋಡುತ್ತಿರಬೇಕು. ಮೀಟರಿನ ಪಕ್ಕದಲ್ಲಿ ಈ ಮನೆಗೆ ಜನರೇಟರು ಇದೆ ಎಂಬ ಫಲಕವನ್ನು ತೂಗುಹಾಕಿ. ಅದನ್ನು ಕನ್ನಡದಲ್ಲಿ ಬರೆದರೆ ಸಾಲದು. ಕಂಬವೇರಲು ಬರುವವನು ಓದುವುದು ಮರಾಠಿಯನ್ನು. ‘ಯೇಥೇ ಜನರೇಟರ್ ಆಹೇ’ ಎಂದು ದೇವನಾಗರಿಯಲ್ಲಿ, ಕೆಂಪು ಅಕ್ಷರಗಳಲ್ಲಿ ಬರೆಸಿರಿ.